ಹಾವಿನ ಪೊರೆ ಪರೀಕ್ಷೆ: ಬಣ್ಣದ ಜೀನ್ ಹೇಳುತ್ತದೆ, ರಕ್ತದ ನಂಟು ಹೇಳುವುದಿಲ್ಲ

ಹಾವು ಕಳಚಿದ ಪೊರೆಯ ತುಂಡೊಂದನ್ನು ಲಕೋಟೆಯಲ್ಲಿಟ್ಟು ಕಳಿಸಿದರೆ, ಆ ಹಾವು ಯಾವ ಬಣ್ಣದ ಜೀನನ್ನು ಒಳಗೆ ಅಡಗಿಸಿಕೊಂಡಿದೆ ಎಂದು ಹೇಳುವ ಲ್ಯಾಬ್ ಸೇವೆಗಳು ಈಗ ಹಾವು ಸಾಕುವವರಿಗೆ ಸಲೀಸಾಗಿ ಸಿಗುತ್ತವೆ. ಈ ವಿಮರ್ಶೆ ಯಾವುದೋ ಒಂದು ಲ್ಯಾಬಿನದಲ್ಲ, ಈ ಬಗೆಯ ಸೇವೆಯದು. ಬಣ್ಣದ ಜೀನ್ ಪರೀಕ್ಷೆ, ತಂದೆ-ತಾಯಿ ಪತ್ತೆ, ಇಡೀ ಜೀನೋಮಿನ (ಹಾವಿನ ಒಟ್ಟು ಡಿಎನ್‌ಎಯ) ಓದು ಎಂದು ಅದು ಮೂರು ರೂಪದಲ್ಲಿ ಬರುತ್ತದೆ. ಮೂರನ್ನೂ ಇಲ್ಲಿ ಒಂದೇ ಪ್ರಶ್ನೆ ಇಟ್ಟುಕೊಂಡು ತೂಗಿದೆ: ಒಳತಳಿ ಸಂವರ್ಧನೆಯಿಂದ, ಅಂದರೆ ಹತ್ತಿರದ ಬಂಧುಗಳನ್ನೇ ಕೂಡಿಸುತ್ತಾ ಬಂದದ್ದರಿಂದ, ಸೊರಗುತ್ತಿರುವ ಸಾಕು ಹಾವುಗಳಿಗೆ ಇದರಿಂದ ಉಪಕಾರ ಉಂಟೇ?

ಉಂಟು. ಆದರೆ ಜನ ಇದನ್ನು ಕೊಳ್ಳುವ ಕಾರಣಕ್ಕೂ ಆ ಉಪಕಾರಕ್ಕೂ ಸಂಬಂಧವಿಲ್ಲ. ಹೆಚ್ಚಿನವರು ಇದನ್ನು ತರಿಸುವುದು ಮರಿಯ ಬೆಲೆ ಏರಿಸಲು. ನಿಜವಾದ ಲಾಭ ಬೇರೆಯೇ ಇದೆ. ಅಪ್ಪನಿಗೆ ಮಗಳನ್ನು, ಅಣ್ಣನಿಗೆ ತಂಗಿಯನ್ನು ಕೂಡಿಸುವುದಕ್ಕೆ ಇಷ್ಟು ವರ್ಷ ಕೊಟ್ಟುಕೊಂಡು ಬಂದ ನೆಪವನ್ನು ಈ ಪರೀಕ್ಷೆ ಕಿತ್ತುಹಾಕುತ್ತದೆ.

ಆ ನೆಪ ಏನೆಂದರೆ, ಆಲ್ಬಿನೋ, ಪೈಡ್, ಕ್ಲೌನ್ ಥರದ ಮಾರ್ಫ್‌ಗಳು, ಅಂದರೆ ಅಪರೂಪದ ಬಣ್ಣದ ಬಗೆಗಳು, ರಿಸೆಸಿವ್. ಅಪ್ಪನಿಂದೊಂದು, ತಾಯಿಯಿಂದೊಂದು, ಜೀನಿನ ಎರಡೂ ಪ್ರತಿ ಸೇರಿದಾಗಲೇ ಬಣ್ಣ ಕಾಣುವುದು. ಒಂದೇ ಪ್ರತಿ ಇರುವ ಹಾವಿಗೆ ಸಾಕುವವರ ಬಾಯಲ್ಲಿ ‘ಹೆಟ್’ ಎಂದು ಹೆಸರು. ಕಣ್ಣಿಗೆ ಅದು ಮಾಮೂಲಿ ಹಾವು. ಅಪರೂಪದ ಬಣ್ಣದ ಗಂಡೊಂದು ಸಿಕ್ಕಿತೆನ್ನಿ. ಮಾಮೂಲಿ ಹೆಣ್ಣಿಗೆ ಕೂಡಿಸಿದರೆ ಹುಟ್ಟುವ ಮರಿಗಳೆಲ್ಲ ಹೆಟ್. ಬಣ್ಣ ಮರಳಿ ಬೇಕಾದರೆ ಹತ್ತಿರದ ದಾರಿ ಎರಡೇ: ಮಗಳನ್ನು ಅಪ್ಪನಿಗೇ ಕೂಡಿಸುವುದು, ಇಲ್ಲವೇ ಒಡಹುಟ್ಟಿದ ಮರಿಗಳನ್ನೇ ಕೂಡಿಸುವುದು. ಎರಡರಲ್ಲೂ ಮರಿಯ ಒಳತಳಿ ಸೂಚ್ಯಂಕ 0.25. ಅಂದರೆ ಆ ಮರಿಯ ಯಾವ ಜೀನ್ ಜಾಗವನ್ನು ತೆಗೆದುಕೊಂಡರೂ, ಅಲ್ಲಿರುವ ಎರಡು ಪ್ರತಿಗಳು ಒಂದೇ ಹಿರಿಯನ ಒಂದೇ ಪ್ರತಿಯ ನಕಲಾಗಿರುವ ಸಂಭವ ನಾಲ್ಕರಲ್ಲೊಂದು. ನಮಗೆ ನಕಲು ಬೇಕಾಗಿದ್ದದ್ದು ಬಣ್ಣದ ಒಂದು ಜಾಗದಲ್ಲಿ. ಸಿಕ್ಕಿದ್ದು ಜೀನೋಮಿನ ಕಾಲು ಭಾಗದಲ್ಲಿ, ಅಲ್ಲಿ ಏನೇನು ದೋಷ ಅಡಗಿತ್ತೋ ಅದೆಲ್ಲದರ ಸಮೇತ.

ಇದನ್ನೇ ಮುಂದುವರಿಸಿದರೆ ಲೆಕ್ಕ ಬೇಗ ಕೆಡುತ್ತದೆ. ಒಡಹುಟ್ಟಿದವನ್ನು ಒಂದು ತಲೆಮಾರು ಕೂಡಿಸಿದರೆ 0.25, ಎರಡನೆಯದಕ್ಕೆ 0.375, ಮೂರನೆಯದಕ್ಕೆ 0.5. ಅಪ್ಪ ಒಂದೇ, ತಾಯಿ ಬೇರೆ ಆದ ಮರಿಗಳನ್ನು ಕೂಡಿಸಿದರೆ 0.125. ಒಡಹುಟ್ಟಿದ ಎರಡು ಹಾವುಗಳ ಮಕ್ಕಳನ್ನು ಪರಸ್ಪರ ಕೂಡಿಸಿದರೆ 0.0625. ಈ ನಾಲ್ಕಾರು ಅಂಕಿ ಬಾಯಿಪಾಠವಾಗಿದ್ದರೆ ಕಾಗದ ಪೆನ್ನು ಇಲ್ಲದೆಯೇ ಹೆಚ್ಚಿನ ಜೋಡಿಗಳನ್ನು ತೂಗಬಹುದು.

ಹಾಗಾದರೆ ದೂರದ ದಾರಿ ಯಾಕೆ ಹಿಡಿಯುತ್ತಿರಲಿಲ್ಲ? ಹೆಟ್ ಹಾವನ್ನು ಸಂಬಂಧವಿಲ್ಲದ ಮಾಮೂಲಿ ಹಾವಿಗೆ ಕೂಡಿಸಿದರೆ ಮರಿಗಳಲ್ಲಿ ಸರಾಸರಿ ಅರ್ಧ ಹೆಟ್, ಅರ್ಧ ಅಲ್ಲ, ನೋಡಲು ಎಲ್ಲವೂ ಒಂದೇ. ಯಾವುದು ಯಾವುದೆಂದು ತಿಳಿಯಲು ಮರಿಯನ್ನು ಬೆಳೆಸಿ, ಬಣ್ಣದ ಹಾವಿಗೆ ಕೂಡಿಸಿ, ಹುಟ್ಟಿದ್ದನ್ನು ನೋಡಬೇಕು. ಬಾಲ್ ಪೈಥಾನ್ ಎಂಬ ಸಾಕು ಹೆಬ್ಬಾವಿನ ಹೆಣ್ಣು ಮೊಟ್ಟೆಯಿಡುವ ವಯಸ್ಸಿಗೆ ಬರಲು ಸುಮಾರು ಮೂರು ವರ್ಷ. ಇಡುವುದೂ ಬೆರಳೆಣಿಕೆಯ ಮೊಟ್ಟೆ. ಐದು ಮರಿ ಹುಟ್ಟಿ ಐದೂ ಮಾಮೂಲಿ ಬಣ್ಣದವಾದರೂ ‘ಹೆಟ್ ಅಲ್ಲ’ ಎಂದು ಖಂಡಿತ ಹೇಳಲಾಗದು. ನಿಜವಾದ ಹೆಟ್ ಕೂಡ 32ರಲ್ಲಿ ಒಂದು ಸಲ ಹಾಗೆ ಕಣ್ಣು ತಪ್ಪಿಸುತ್ತದೆ. ಇಷ್ಟು ಕಾಯುವ ಬದಲು ಅಪ್ಪ-ಮಗಳ ಜೋಡಿ ಮಾಡಿಬಿಡುವುದು ರೂಢಿಯಾಯಿತು.

ಪೊರೆ ಪರೀಕ್ಷೆ ಬದಲಿಸುವುದು ಈ ಜಾಗವನ್ನೇ. ಬಣ್ಣದ ಗಂಡನ್ನು ಪರಸ್ಪರ ಸಂಬಂಧವಿಲ್ಲದ ಎರಡು ಹೆಣ್ಣುಗಳಿಗೆ ಕೂಡಿಸಿ. ಅವುಗಳ ಹೆಟ್ ಮರಿಗಳು ದೊಡ್ಡವಾದ ಮೇಲೆ ಅವನ್ನು ಮತ್ತೆ ಹೊರಗಿನ ಎರಡು ಹಾವುಗಳಿಗೆ ಕೂಡಿಸಿ. ಈಗ ಹುಟ್ಟುವ ಮರಿಗಳ ಮೊದಲ ಪೊರೆಯನ್ನೇ ಪರೀಕ್ಷೆಗೆ ಕಳಿಸಿ, ಹೆಟ್ ಎಂದು ಬಂದವನ್ನು ಮಾತ್ರ ಉಳಿಸಿಕೊಂಡು, ಈ ಸಾಲಿನದೊಂದನ್ನು ಆ ಸಾಲಿನದೊಂದಕ್ಕೆ ಕೂಡಿಸಿ. ಎರಡಕ್ಕೂ ಇರುವ ನಂಟು ಒಬ್ಬ ಅಜ್ಜನದು ಮಾತ್ರ. ಬಣ್ಣದ ಮರಿ ಹುಟ್ಟುವುದು ನಿಲ್ಲಲಿಲ್ಲ, ಒಳತಳಿ ಸೂಚ್ಯಂಕ ಮಾತ್ರ 0.25 ಇದ್ದದ್ದು 0.03125ಕ್ಕೆ ಇಳಿಯಿತು. ಎಂಟು ಪಟ್ಟು ಕಡಿಮೆ. ಒಂದು ತಲೆಮಾರು ಹೆಚ್ಚು ಹಿಡಿಯುತ್ತದೆ, ಅಷ್ಟೇ. ಈ ಕೆಲಸಕ್ಕೆ ಬಳಸುವವರಿಗೆ ಬಣ್ಣದ ಜೀನ್ ಪರೀಕ್ಷೆಯನ್ನು ಎರಡು ಮಾತಿಲ್ಲದೆ ತರಿಸಿಕೊಳ್ಳಿ ಎನ್ನಬಹುದು.

ಮಾದರಿ ತೆಗೆಯುವುದರಲ್ಲೇ ಅರ್ಧ ಸೋಲು-ಗೆಲುವು ತೀರ್ಮಾನವಾಗುತ್ತದೆ. ಪೊರೆ ಸತ್ತ ಚರ್ಮ, ಅದರಲ್ಲಿ ಡಿಎನ್‌ಎ ಕಡಿಮೆ, ಇದ್ದದ್ದೂ ಚೂರುಚೂರು. ತೇವ ತಾಗಿದರೆ ಬೂಷ್ಟು ಬಂದು ಅದೂ ಹಾಳು. ಹಾವು ಪೊರೆ ಬಿಟ್ಟ ದಿನವೇ ಡಬ್ಬದಿಂದ ತೆಗೆಯಿರಿ. ನೀರಿನ ಬಟ್ಟಲಿನಲ್ಲಿ ನೆನೆದ, ಹಿಕ್ಕೆ ಮೆತ್ತಿದ ಭಾಗ ಬೇಡ. ಬಿಳಿ ಕಾಗದದ ಮೇಲೆ ಬಿಡಿಸಿ ಹರಡಿ, ಬಿಸಿಲಿಗಿಡದೆ ನೆರಳಲ್ಲಿ ಒಂದು ದಿನ ಒಣಗಿಸಿ. ಹೊಟ್ಟೆಯ ಕಡೆಯ ಅಗಲ ಹುರುಪೆಗಳು ಗಟ್ಟಿ, ಮಡಿಸಿದರೆ ಗರಗರ ಎನ್ನುವಷ್ಟು ಒಣಗಿರಬೇಕು. ಬೆರಳಿಗೆ ಅಂಟಿದರೆ ಇನ್ನೂ ತೇವವಿದೆ. ಅಲ್ಲಿಂದ ಐದು ಸೆಂಟಿಮೀಟರ್ ಉದ್ದದ ತುಂಡು ಕತ್ತರಿಸಿದರೆ ಸಾಕು. ಮೊಟ್ಟೆಯಿಂದ ಹೊರಬಂದ ಮರಿ ಒಂದೆರಡು ವಾರದಲ್ಲಿ ಬಿಡುವ ಮೊದಲ ಪೊರೆ ಈರುಳ್ಳಿ ಸಿಪ್ಪೆಗಿಂತ ತೆಳು, ಅದನ್ನು ಬಹುಪಾಲು ಹಾಗೆಯೇ ಕಳಿಸಬೇಕಾಗುತ್ತದೆ. ಕಾಗದದ ಲಕೋಟೆಯೇ ಆಗಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಉಳಿದ ಒಂದಿಷ್ಟು ತೇವ ದಾರಿಯುದ್ದಕ್ಕೂ ಒಳಗೇ ಬೆವರುತ್ತದೆ.

ಕತ್ತರಿಯನ್ನು ಪ್ರತಿ ಹಾವಿಗೂ ಬ್ಲೀಚ್ ನೀರಿನಲ್ಲಿ ಅದ್ದಿ, ತೊಳೆದು, ಒರೆಸಬೇಕು, ಅಥವಾ ಪ್ರತಿ ಸಲ ಹೊಸ ಬ್ಲೇಡ್. ಒಂದೇ ಕ್ಲಚ್‌ನ (ಒಂದು ಸಲ ಇಟ್ಟ ಮೊಟ್ಟೆಗಳ) ಮರಿಗಳನ್ನು ಒಟ್ಟಿಗೆ ಒಂದೇ ಡಬ್ಬದಲ್ಲಿ ಇಟ್ಟಿದ್ದರೆ ಆ ಪೊರೆಗಳನ್ನು ಕಳಿಸಲೇಬೇಡಿ. ಒಂದರ ಮೇಲೊಂದು ಹರಿದಾಡಿದ ಮರಿಗಳ ಡಿಎನ್‌ಎ ಬೆರೆತು, ಹೆಟ್ ಅಲ್ಲದ್ದೂ ಹೆಟ್ ಆಗಿ ಕಾಣುತ್ತದೆ. ಮೊದಲ ಪೊರೆಗೆ ಮುಂಚೆಯೇ ಒಂದೊಂದನ್ನು ಬೇರೆ ಮಾಡಿ, ಗುರುತು ಸಂಖ್ಯೆಯನ್ನು ಲಕೋಟೆಯ ಮೇಲೆ ಮೊದಲು ಬರೆದು ಆಮೇಲೆ ಪೊರೆ ಹಾಕಿ. ತಪ್ಪು ವರದಿ ಎಂದು ಬರುವ ದೂರುಗಳ ಬೇರು ಹುಡುಕುತ್ತಾ ಹೋದರೆ ಲ್ಯಾಬಿಗಿಂತ ಮೊದಲು ಈ ಹೆಸರು ಚೀಟಿಯನ್ನು ಅನುಮಾನಿಸಬೇಕು.

ವರದಿ ನೋಡಲು ಸರಳ: ಒಂದೊಂದು ಜೀನಿನ ಎದುರು ಎರಡು ಪ್ರತಿ, ಒಂದು ಪ್ರತಿ, ಇಲ್ಲ. ಎಡವುವುದು ‘ಇಲ್ಲ’ ಎಂಬಲ್ಲಿ. ಬಾಲ್ ಪೈಥಾನ್‌ನ ಆಲ್ಬಿನೋ ಬಣ್ಣ ಟಿವೈಆರ್ ಎಂಬ ಜೀನಿನ ದೋಷದಿಂದ, ಲ್ಯಾವೆಂಡರ್ ಆಲ್ಬಿನೋ ಓಸಿಎ2 ಜೀನಿನಿಂದ, ಅಲ್ಟ್ರಾಮೆಲ್ ಟಿವೈಆರ್‌ಪಿ1 ಜೀನಿನಿಂದ ಎಂದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಸಾಕುವವರು ಕಳಿಸಿಕೊಟ್ಟ ಪೊರೆಗಳಿಂದಲೇ ಆ ಕೆಲಸ ನಡೆಯಿತು. ಟಿವೈಆರ್ ಒಂದರಲ್ಲೇ ಒಂದಕ್ಕಿಂತ ಹೆಚ್ಚು ಬಗೆಯ ದೋಷಗಳು ಸಿಕ್ಕವು. ಲ್ಯಾಬ್ ಒಂದೇ ಬಗೆಯನ್ನು ನೋಡುತ್ತಿದ್ದರೆ, ಇನ್ನೊಂದು ಬಗೆ ಹೊತ್ತ ಹಾವಿಗೆ ‘ಇಲ್ಲ’ ಎಂದೇ ಬರುತ್ತದೆ. ಆದ್ದರಿಂದ ಹಣ ಕಟ್ಟುವ ಮೊದಲು ಎರಡು ಪ್ರಶ್ನೆ ಕೇಳಿ. ಈ ಜೀನಿನ ಎಷ್ಟು ಬಗೆಯ ದೋಷಗಳನ್ನು ನೋಡುತ್ತೀರಿ? ನೋಡುವುದು ಬಣ್ಣಕ್ಕೆ ಕಾರಣವಾದ ದೋಷವನ್ನೋ, ಅದರ ಪಕ್ಕದ ಡಿಎನ್‌ಎ ಗುರುತನ್ನೋ? ಪಕ್ಕದ ಗುರುತಾದರೆ ಬೇರೆ ಸಾಲಿನ ಹಾವುಗಳಲ್ಲಿ ಅದು ಕೈಕೊಡಬಹುದು.

ದೋಷದ ಬಗೆಗಳು ಬೇರೆ ಬೇರೆ ಎಂಬುದರಲ್ಲಿ ಒಳ್ಳೆಯ ಸುದ್ದಿಯೊಂದೂ ಇದೆ. ಟಿವೈಆರ್‌ನ ಬೇರೆ ಬೇರೆ ದೋಷ ಹೊತ್ತ ಎರಡು ಆಲ್ಬಿನೋಗಳನ್ನು ಕೂಡಿಸಿದರೂ ಮರಿಗಳು ಆಲ್ಬಿನೋಗಳೇ. ಆದರೆ ಆ ಬಣ್ಣ ಎರಡಕ್ಕೂ ಬೇರೆ ಬೇರೆ ಮೂಲ ಹಾವಿನಿಂದ ಬಂದದ್ದು. ವರದಿಯಲ್ಲಿ ದೋಷದ ಬಗೆಯನ್ನೂ ಬರೆದುಕೊಡುವ ಲ್ಯಾಬ್ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ. ರಕ್ತ ಹತ್ತಿರವಿದೆಯೋ ಇಲ್ಲವೋ ಎಂಬುದಕ್ಕೆ ಬಣ್ಣದ ಪರೀಕ್ಷೆ ಕೊಡಬಲ್ಲ ಸುಳಿವು ಇದೊಂದೇ.

ಉಳಿದಂತೆ ಆ ವರದಿ ಒಳತಳಿಯ ಬಗ್ಗೆ ಮೂಕ. ಹತ್ತು ಬಣ್ಣದ ಜೀನ್ ನೋಡಿದ ಹಾಳೆಯಲ್ಲಿ ಎಲ್ಲವೂ ‘ಇಲ್ಲ’ ಎಂದಿದ್ದರೂ ಆ ಹಾವು ಮೂರು ತಲೆಮಾರು ಒಡಹುಟ್ಟಿದವರ ಸಂತಾನವಾಗಿರಬಹುದು. ‘ಜೆನೆಟಿಕ್ ಟೆಸ್ಟ್ ಆಗಿದೆ’ ಎಂದು ಮಾರುವವರು ಹೇಳಿದರೆ ಆರೋಗ್ಯದ ಖಾತರಿ ಎಂದು ತಿಳಿಯಬೇಡಿ. ಅದು ಬಣ್ಣದ ಖಾತರಿ.

ಇದರ ಇನ್ನೊಂದು ಮುಖವೂ ಉಂಟು: ಎಲ್ಲ ದೋಷವನ್ನೂ ಒಳತಳಿಯ ತಲೆಗೆ ಕಟ್ಟುವುದು. ಸ್ಪೈಡರ್ ಮಾರ್ಫ್‌ನ ಬಾಲ್ ಪೈಥಾನ್ ತಲೆ ಓಲಾಡಿಸುತ್ತದೆ, ಕೆಲವು ಅಂಗಾತ ತಿರುಗಿ ಬೀಳುತ್ತವೆ. ಕಾರಣ ಒಳಗಿವಿಯ ರಚನೆಯಲ್ಲೇ ಇರುವ ಊನ ಎಂದು 2022ರ ಅಧ್ಯಯನ ತೋರಿಸಿದೆ. ಈ ಜೀನಿನ ಒಂದು ಪ್ರತಿ ಸಾಕು, ಬಣ್ಣವೂ ಬರುತ್ತದೆ, ಓಲಾಟವೂ ಬರುತ್ತದೆ. ಎಷ್ಟು ದೂರದ ಹೊಸ ರಕ್ತ ತಂದು ಕೂಡಿಸಿದರೂ ಸ್ಪೈಡರ್ ಮರಿಗೆ ಅದು ತಪ್ಪುವುದಿಲ್ಲ. ಆ ಜೀನನ್ನು ಮುಂದುವರಿಸದಿರುವುದೊಂದೇ ಪರಿಹಾರ, ಮತ್ತು ಅದನ್ನು ನಿಲ್ಲಿಸಲೇಬೇಕು. ಇನ್ನು ಬೆನ್ನೆಲುಬು ಸೊಟ್ಟಗಾದ ಮರಿ. ಅದು ಕಾವಿನ ಪೆಟ್ಟಿಗೆಯ ತಪ್ಪೂ ಆಗಿರಬಹುದು. ಬಾಲ್ ಪೈಥಾನ್ ಮೊಟ್ಟೆಗೆ 31ರಿಂದ 32 ಡಿಗ್ರಿ ಸೆಲ್ಸಿಯಸ್ ಹಿತ. ಅದಕ್ಕಿಂತ ಏರಿದರೆ ಬೆನ್ನು ಸೊಟ್ಟಗಾಗುವುದುಂಟು. ಗೊಡ್ಡು ಮೊಟ್ಟೆಗಳಿಗೂ ಹೆಣ್ಣಿನ ಮೈಕಟ್ಟು, ಗಂಡಿನ ವಯಸ್ಸು, ಕೂಡಿಸಿದ ಕಾಲ ಕಾರಣವಾಗುತ್ತವೆ.

ಬೇರೆ ಮಾಡಿ ತಿಳಿಯುವುದು ಹೇಗೆ? ಅದೇ ಪೆಟ್ಟಿಗೆ, ಅದೇ ಕಾಲ, ಪಕ್ಕದಲ್ಲೇ ಸಂಬಂಧವಿಲ್ಲದ ಜೋಡಿಯ ಕ್ಲಚ್. ಎರಡಕ್ಕೂ ಒಂದೇ ಪಟ್ಟಿ: ಇಟ್ಟ ಮೊಟ್ಟೆ ಎಷ್ಟು, ಗೊಡ್ಡು ಎಷ್ಟು, ಪೂರ್ತಿ ಬೆಳೆದು ಮೊಟ್ಟೆಯಲ್ಲೇ ಸತ್ತದ್ದೆಷ್ಟು, ಹೊರಬಂದದ್ದೆಷ್ಟು, ಬೆನ್ನು-ಕಣ್ಣು-ದವಡೆಯ ಊನ, ಹುಟ್ಟಿದಾಗಿನ ತೂಕ, ತಾನಾಗಿ ತಿಂದ ಮೊದಲ ದಿನ, ವರ್ಷ ತುಂಬಿದಾಗ ಉಳಿದದ್ದು. ಪಕ್ಕದ ಕ್ಲಚ್ ಚೆನ್ನಾಗಿದ್ದು ಇದು ಮಾತ್ರ ಸೋತರೆ ಪೆಟ್ಟಿಗೆಯನ್ನು ದೂರುವಂತಿಲ್ಲ. ಒಳತಳಿಯ ಪೆಟ್ಟು ಹೆಚ್ಚಾಗಿ ಬೀಳುವುದು ಕಣ್ಣಿಗೆ ರಾಚುವ ಊನದಲ್ಲಲ್ಲ, ಈ ಸಣ್ಣ ಅಂಕಿಗಳಲ್ಲಿ. ‘ಹಾವುಗಳಿಗೆ ಒಳತಳಿ ಏನೂ ಮಾಡುವುದಿಲ್ಲ’ ಎನ್ನುವವರ ಬಳಿ ಸಾಮಾನ್ಯವಾಗಿ ಈ ಪಟ್ಟಿಯೇ ಇರುವುದಿಲ್ಲ.

ಏನು ಮಾಡುತ್ತದೆ ಎಂಬುದಕ್ಕೆ ಎಲ್ಲಕ್ಕಿಂತ ಸ್ಪಷ್ಟ ಸಾಕ್ಷಿ ಬಯಲಿನದು. ಸ್ವೀಡನ್ನಿನ ದಕ್ಷಿಣ ಕರಾವಳಿಯ ಸ್ಮಿಗೆಹುಕ್‌ನಲ್ಲಿ ಹೊಲಗಳ ನಡುವೆ ಒಂಟಿಯಾಗಿ ಉಳಿದ ಆ್ಯಡರ್ ಎಂಬ ವಿಷದ ಹಾವಿನ ಗುಂಪೊಂದು ಸಣ್ಣ ಸಣ್ಣ ಸೂಲು ಹಾಕುತ್ತಿತ್ತು. ಸತ್ತು ಹುಟ್ಟುವ, ಊನವಾಗಿ ಹುಟ್ಟುವ ಮರಿಗಳೂ ಹೆಚ್ಚಾಗಿದ್ದವು. ತೋಮಸ್ ಮ್ಯಾಡ್ಸನ್, ರಿಕ್ ಶೈನ್ ಮತ್ತು ಜೊತೆಯವರು 1992ರಲ್ಲಿ ಬೇರೆ ಕಡೆಯ ದೊಡ್ಡ ಗುಂಪುಗಳಿಂದ 20 ಗಂಡುಗಳನ್ನು ತಂದು ಅಲ್ಲಿ ಬಿಟ್ಟರು. ನಾಲ್ಕು ಬೆದೆಗಾಲದ ಬಳಿಕ ಉಳಿದಿದ್ದವನ್ನು ಹಿಡಿದು ಹಿಂದಕ್ಕೊಯ್ದರು. ಸತ್ತು ಹುಟ್ಟುವುದು ಇಳಿಯಿತು, ಗುಂಪು ತುಂಬಿಕೊಂಡಿತು; 1999ರಲ್ಲಿ ಅದರ ವರದಿ ಪ್ರಕಟವಾಯಿತು. ಆ ಜಾಗದಲ್ಲಿ ಹೊಸದಾಗಿ ಸೇರಿದ್ದು ಹೊರಗಿನ ರಕ್ತ. ಸಾಕಣೆಯಲ್ಲೂ ಆಗಬೇಕಾದದ್ದು ಅದೇ.

ತಂದೆ-ತಾಯಿ ಪತ್ತೆಯ ಪರೀಕ್ಷೆಗೆ ಬರೋಣ. ಇದನ್ನು ಎಲ್ಲರೂ ಮಾಡಿಸಬೇಕಿಲ್ಲ. ಒಂದು ಹೆಣ್ಣನ್ನು ಒಂದೇ ಕಾಲದಲ್ಲಿ ಎರಡು ಗಂಡಿಗೆ ಬಿಟ್ಟಿದ್ದರೆ, ಅಥವಾ ಗಂಡು ಬದಲಿಸಿದ ಮೊದಲ ವರ್ಷವಾದರೆ ಮಾತ್ರ ತಪ್ಪಿಸಬೇಡಿ. ಹಾವುಗಳಲ್ಲಿ ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ಅಪ್ಪಂದಿರಿರುವುದು ಸಾಮಾನ್ಯ. ಹೆಣ್ಣು ವೀರ್ಯವನ್ನು ಒಳಗೇ ಕಾಪಿಟ್ಟುಕೊಳ್ಳುತ್ತದೆ. ಈಸ್ಟರ್ನ್ ಡೈಮಂಡ್‌ಬ್ಯಾಕ್ ರ‍್ಯಾಟಲ್‌ಸ್ನೇಕ್ ಒಂದು ಐದು ವರ್ಷ ಕಾಪಿಟ್ಟು ಮರಿ ಹಾಕಿದ್ದು ಡಿಎನ್‌ಎಯಿಂದ ದೃಢಪಟ್ಟಿದೆ. ಪುಸ್ತಕದಲ್ಲಿ ಬರೆದ ಅಪ್ಪನೇ ತಪ್ಪಾಗಿದ್ದರೆ ಅದರ ಮೇಲೆ ಕಟ್ಟಿದ ಸೂಚ್ಯಂಕದ ಲೆಕ್ಕವೆಲ್ಲ ತಪ್ಪು. ಈ ಪರೀಕ್ಷೆಯ ಮಿತಿ: ಅನುಮಾನದ ಗಂಡುಗಳಿಬ್ಬರೂ ಒಡಹುಟ್ಟಿದವರಾದರೆ ಹತ್ತು ಹನ್ನೆರಡು ಡಿಎನ್‌ಎ ಗುರುತುಗಳಿಂದ ಅವರನ್ನು ಬೇರೆ ಮಾಡುವುದು ಕಷ್ಟ. ತಾಯಿಯ ಪೊರೆಯನ್ನೂ ಜೊತೆಗೆ ಕಳಿಸಿದರೆ ಉತ್ತರ ಗಟ್ಟಿಯಾಗುತ್ತದೆ.

ಗಂಡನ್ನೇ ಕಾಣದ ಹೆಣ್ಣು ಮೊಟ್ಟೆಯಿಟ್ಟು ಮರಿಯಾದಾಗಲೂ ಉತ್ತರ ಇಲ್ಲೇ ಸಿಗುವುದು. ಅಮೆರಿಕದ ಲೂಯಿವಿಲ್ ಮೃಗಾಲಯದ ಥೆಲ್ಮಾ ಎಂಬ ರೆಟಿಕ್ಯುಲೇಟೆಡ್ ಪೈಥಾನ್ 2012ರಲ್ಲಿ ಹೀಗೆಯೇ 61 ಮೊಟ್ಟೆಯಿಟ್ಟಿತು, ಆರು ಹೆಣ್ಣುಮರಿಗಳಾದವು. ಇಂಥ ಅನಿಷೇಕಜನನದ ಮರಿಗಳಲ್ಲಿ ತಾಯಿಯ ಗುರುತುಗಳಷ್ಟೇ ಇರುತ್ತವೆ, ತಾಯಿಯಲ್ಲಿ ಜೋಡಿ ಬೇರೆ ಬೇರೆ ಇದ್ದ ಕಡೆಯೂ ಮರಿಯಲ್ಲಿ ಬಹುತೇಕ ಒಂದೇ. ಹಲವು ತಲೆಮಾರು ಒಡಹುಟ್ಟಿದವನ್ನು ಕೂಡಿಸಿ ಕಳೆಯುವಷ್ಟು ವೈವಿಧ್ಯ ಒಂದೇ ಹೆಜ್ಜೆಯಲ್ಲಿ ಹೋಗಿರುತ್ತದೆ. ಅವನ್ನು ಪ್ರೀತಿಯಿಂದ ಸಾಕಿ, ಸಂತಾನಕ್ಕೆ ಬಳಸಬೇಡಿ.

ಇಡೀ ಜೀನೋಮಿನ ಓದು ಮಾತ್ರ ನೇರವಾಗಿ ಒಳತಳಿಯನ್ನು ಅಳೆಯುತ್ತದೆ. 0.25 ಎನ್ನುವುದು ಸರಾಸರಿ. ಒಂದೇ ಕ್ಲಚ್‌ನ ಒಂದು ಮರಿಯಲ್ಲಿ ಅದು ಕಡಿಮೆ, ಇನ್ನೊಂದರಲ್ಲಿ ಹೆಚ್ಚು. ವಂಶಾವಳಿಗೆ ಅದು ಗೊತ್ತಾಗದು, ಜೀನೋಮಿಗೆ ಗೊತ್ತಾಗುತ್ತದೆ. ಎರಡೂ ಪ್ರತಿ ಒಂದೇ ಆಗಿರುವ ಉದ್ದುದ್ದ ಡಿಎನ್‌ಎ ಪಟ್ಟಿಗಳು ಕಂಡರೆ ಹತ್ತಿರದ ತಲೆಮಾರಿನ ಒಳತಳಿ, ತುಂಡು ಪಟ್ಟಿಗಳಾದರೆ ಹಳೆಯದು. ಇದಕ್ಕೆ ಸಾವಿರಾರು ಗುರುತುಗಳು ಬೇಕು. ಹತ್ತು ಹನ್ನೆರಡು ಗುರುತು ನೋಡಿ ‘ವೈವಿಧ್ಯದ ಅಂಕ’ ಎಂದು ಒಂದು ಸಂಖ್ಯೆ ಕೊಡುವ ಸೇವೆಗೆ ಹಣ ಹಾಕಬೇಡಿ. ಒಂದು ಹಾವಿನ ಒಳತಳಿ ಅಳೆಯಲು ಅದು ಸಾಲದು. ಪೊರೆಯ ಚೂರು ಡಿಎನ್‌ಎಯೂ ಈ ಓದಿಗೆ ಅಷ್ಟಾಗಿ ಒಗ್ಗುವುದಿಲ್ಲ, ಪಶುವೈದ್ಯರಿಂದ ತೆಗೆಸಿದ ರಕ್ತ ಒಳ್ಳೆಯದು. ಮನೆಯಲ್ಲಿ ನಾಲ್ಕಾರು ಹಾವು ಸಾಕುವವರಿಗೆ ಇದು ಅತಿಯಾಯಿತು. ಹಳೆಯ ಸಾಲೊಂದನ್ನು ಉಳಿಸಲು ಹೊರಟ, ಮೂಲ ಹಾವುಗಳ ನಂಟು ಗೊತ್ತಿಲ್ಲದ ಗುಂಪಿಗೆ ಸರಿ.

ಪರೀಕ್ಷೆಗಿಂತ ಮೊದಲು ಗಂಡುಗಳ ಲೆಕ್ಕ ಸರಿ ಮಾಡಿಕೊಳ್ಳಿ, ಅದಕ್ಕೆ ಲ್ಯಾಬೇ ಬೇಡ. ಒಂದು ಗಂಡನ್ನು ಆರು ಹೆಣ್ಣಿಗೆ ಬಳಸಿದರೆ ಏಳು ಹಾವಿದ್ದರೂ ಆನುವಂಶಿಕ ಲೆಕ್ಕದಲ್ಲಿ ಅದು ಮೂರೂವರೆಗೂ ಕಡಿಮೆ. ಪ್ರತಿ ತಲೆಮಾರಿಗೆ ಸುಮಾರು 15% ವೈವಿಧ್ಯ ಸೋರುತ್ತದೆ. ಅದೇ ಆರು ಹೆಣ್ಣಿಗೆ ಮೂರು ಗಂಡು ಬಳಸಿದರೆ ಲೆಕ್ಕ ಎಂಟಕ್ಕೇರಿ ಸೋರಿಕೆ 6%ಕ್ಕೆ ಇಳಿಯುತ್ತದೆ. ಮೃಗಾಲಯಗಳ ತಳಿ ಯೋಜನೆಗಳು 100 ವರ್ಷಕ್ಕೆ 90% ವೈವಿಧ್ಯ ಉಳಿಸುವ ಗುರಿ ಇಟ್ಟುಕೊಂಡು, ಗುಂಪಿನಲ್ಲಿ ಯಾವ ಹಾವಿಗೆ ಬಂಧುಗಳು ಕಡಿಮೆಯೋ ಅದಕ್ಕೆ ಮೊದಲ ಅವಕಾಶ ಕೊಡುತ್ತವೆ. ಪಿಎಂಎಕ್ಸ್ ಎಂಬ ಉಚಿತ ತಂತ್ರಾಂಶ ಈ ಲೆಕ್ಕವನ್ನೇ ಮಾಡಿಕೊಡುತ್ತದೆ. ಸಾಕುವವರಲ್ಲಿ ಆಗುವುದು ಇದರ ತಿರುಗುಮುರುಗು: ಎಲ್ಲಕ್ಕಿಂತ ಸುಂದರವಾದ ಒಂದು ಗಂಡೇ ಎಲ್ಲರ ಮನೆಯ ಅಜ್ಜ.

ಹೊಸ ರಕ್ತ ತರುವಾಗ ಅವಸರ ಬೇಡ, ಜೊತೆಗೆ ರೋಗವೂ ಬಂದೀತು. ಪೈಥಾನ್ ಆದರೆ ಸರ್ಪೆಂಟೋವೈರಸ್‌ಗೆ ಬಾಯಿಯ ಸ್ವಾಬ್, ಬೋವಾ ಆದರೆ ರೆಪ್ಟರೀನಾವೈರಸ್ ಪರೀಕ್ಷೆ, ಕಾರ್ನ್ ಸ್ನೇಕ್ ಆದರೆ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿಯ ಪರೀಕ್ಷೆ. 90 ದಿನ ಬೇರೆ ಕೋಣೆ, ಬೇರೆ ಇಕ್ಕಳ, ಬೇರೆ ನೀರಿನ ಬಟ್ಟಲು, ಪರೀಕ್ಷೆ ಮೊದಲೂ ಕೊನೆಗೂ. ರೆಪ್ಟರೀನಾವೈರಸ್ ತಾಯಿಯಿಂದ ಮರಿಗೂ ಇಳಿಯುತ್ತದೆ, ವೈವಿಧ್ಯ ತರಲು ಹೋಗಿ ಸಾಲನ್ನೇ ಕಳೆದುಕೊಂಡಂತಾದೀತು. ಹೊಸದು ಎಂದು ಬೇರೆ ಪ್ರದೇಶದ ಅಥವಾ ಬೇರೆ ಉಪಪ್ರಭೇದದ ಹಾವನ್ನೂ ತರಬೇಡಿ. ಹೊಂಡುರಾಸ್‌ನ ಹಾಗ್ ಐಲೆಂಡ್ ಬೋವಾಕ್ಕೆ ಬೇಕಾದದ್ದು ಬೇರೊಬ್ಬ ಸಾಕುವವರ ಹಾಗ್ ಐಲೆಂಡ್ ಸಾಲು, ದಕ್ಷಿಣ ಅಮೆರಿಕದ ದೊಡ್ಡ ಬೋವಾ ಅಲ್ಲ.

ಲ್ಯಾಬಿಗೆ ತುಂಡು ಕಳಿಸಿದ ಮೇಲೆ ಉಳಿಯುವ ಪೊರೆಯನ್ನು ಎಸೆಯಬೇಡಿ. ಗುರುತು ಸಂಖ್ಯೆ, ಅಪ್ಪ, ತಾಯಿ, ಪೊರೆ ಬಿಟ್ಟ ದಿನ ಬರೆದ ಕಾಗದದ ಲಕೋಟೆಯಲ್ಲಿ ಹಾಕಿ, ಸಿಲಿಕಾ ಜೆಲ್ ಇಟ್ಟ ಡಬ್ಬದಲ್ಲಿ, ಕತ್ತಲಲ್ಲಿ ಇಡಿ. ಸತ್ತ ಹಾವು ಮತ್ತೆ ಪೊರೆ ಬಿಡುವುದಿಲ್ಲ, ಮೊಮ್ಮಕ್ಕಳ ಕಾಲಕ್ಕೆ ಬರುವ ಪ್ರಶ್ನೆಗಳಿಗೆ ಅಜ್ಜ-ಅಜ್ಜಿಯ ಪರವಾಗಿ ಉತ್ತರ ಕೊಡಬಲ್ಲದ್ದು ಆ ಲಕೋಟೆ.